ಗೋಡೆಯ ಮೇಲೊಂದು ಕಪ್ಪು ಮಲ್ಲಿಗೆ

"ಇದು ಯಾವ ಪಕ್ಷದ ಚಿಹ್ನೆ ಮೇಡಂ?"

ಕೇಳಿದವರು ಚುನಾವಣಾ ಕೆಲಸಕ್ಕೆ ಬಂದ ಅಧಿಕಾರಿ. ಬೆರಳು ತೋರಿಸಿದ್ದು ಕಟಪಾಡಿಯ ನಮ್ಮ ಮನೆಯ ಕಾಂಪೌಂಡ್ ಗೋಡೆಯತ್ತ. ಅಲ್ಲಿ ಇದ್ದಿಲಿನಲ್ಲಿ ಬಿಡಿಸಿದ ಆಳೆತ್ತರದ ಮಲ್ಲಿಗೆ ಚೆಂಡು. ಕೆಳಗೆ ಹೆಸರಿಲ್ಲ, ಘೋಷಣೆ ಇಲ್ಲ.

ಅದು ಮೂಡಿ ಆಗಲೇ ವಾರವಾಗಿತ್ತು. ಬಸ್ಸಿಗೆ ಕಾಯುವವರು ನಿಂತು ನೋಡುತ್ತಿದ್ದರು. "ಕಪ್ಪು ಮಲ್ಲಿಗೆ ಎಲ್ಲಿಯಾದರೂ ಉಂಟಾ ಮಾರಾಯ?" ಅಂತ ಆಟೋದವರಲ್ಲಿ ಚರ್ಚೆ. (ನಮ್ಮ ಗೇಟಿನೆದುರು ಅಷ್ಟು ಜನ ನಿಂತದ್ದನ್ನು ನಾನು ಕಂಡಿದ್ದೇ ಇಲ್ಲ. ಎರಡು ದಿನ ಸ್ವಲ್ಪ ಜಂಬವೂ ಬಂದಿತ್ತು.)

ಬರೆದವರು ಯಾರು? ಕುತೂಹಲ ತಡೆಯಲಾಗಲಿಲ್ಲ. ಆ ಗೋಡೆಯ ಬುಡದಲ್ಲೇ ದಿನವೂ ಬುಟ್ಟಿಯಿಟ್ಟು ಹೂ ಮಾರುವ ಲಲಿತಕ್ಕನನ್ನು ಕೇಳಿದೆ.

"ನಾನೇ ಟೀಚರ್" ಎಂದರು, ಹೂ ಕಟ್ಟುವುದನ್ನು ನಿಲ್ಲಿಸದೆ.

"ಕಪ್ಪು ಎಂತಕ್ಕೆ?"

"ಬಿಳಿ ಗೋಡೆಯಲ್ಲಿ ಬಿಳಿ ಹೂ ಕಾಣ್ತದಾ?" ಎಂದು ನಕ್ಕರು. ಆಮೇಲೆ ನಗು ನಿಂತಿತು. "ನಂದಿಕೂರಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇನ್ನೂ ದೊಡ್ಡದಾಗ್ತದಂತೆ. ನಮ್ಮ ತೋಟ ಅಲ್ಲೇ ಹತ್ತಿರ. ಬೂದಿ ಬಿದ್ದ ಹೂವನ್ನು ಯಾರು ಮುಡಿಯುತ್ತಾರೆ? ಅದರ ಬಗ್ಗೆ ಕರೆದ ಮೀಟಿಂಗಿಗೆ ಹೋದೆ, ಮೈಕ್ ನನ್ನ ಹತ್ತಿರ ಬರಲೇ ಇಲ್ಲ. ನಿಮ್ಮ ಗೋಡೆ ಖಾಲಿ ಇತ್ತು."

ಕೇಳದೆ ಬರೆದದ್ದಕ್ಕೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಅಧಿಕಾರಿ ಬಂದಾಗ ಮಧ್ಯಾಹ್ನ. ಲಲಿತಕ್ಕ ಮನೆಗೆ ಹೋಗಿಯಾಗಿತ್ತು. "ಪಕ್ಷದ್ದಲ್ಲ ಸಾರ್, ಬರೀ ಮಲ್ಲಿಗೆ" ಎಂದೆ. ಅವರು ಚಿಹ್ನೆಗಳ ಪಟ್ಟಿ ತೆಗೆದು ಮೇಲಿಂದ ಕೆಳಗೆ ಹುಡುಕಿದರು. ಮಲ್ಲಿಗೆ ಇರಲಿಲ್ಲ. ಯಾವ ಪಕ್ಷದ್ದೂ ಅಲ್ಲದ ಮಾತನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಪಾಪ, ಅವರಿಗೂ ಗೊಂದಲ.

"ಗೋಡೆಯ ಮಾಲಕರು ನೀವಲ್ವಾ? ಒಪ್ಪಿಗೆ ಉಂಟು ಅಂತ ಬರೆದು ಸಹಿ ಮಾಡಿ ಕೊಡಿ. ಇಲ್ಲದಿದ್ದರೆ ಸುಣ್ಣ ಹೊಡೆಸುತ್ತೇವೆ."

ಒಂದು ಸಾಲು, ಒಂದು ಸಹಿ. ವಾರವಾರ ಈ ಅಂಕಣದಲ್ಲಿ ನಿಮಗೆ ಉಪದೇಶ ಮಾಡುವವಳಿಗೆ ಎಷ್ಟು ಹೊತ್ತಿನ ಕೆಲಸ? ಆದರೆ ನಾಳೆ ಯಾರಾದರೂ ಮನೆಗೆ ಬಂದು ಜೋರು ಮಾಡಿದರೆ? ಪೇಪರಿನಲ್ಲಿ ಫೋಟೋ ಬಂದರೆ?

"ನಾನು ಬರೆಸಿದ್ದಲ್ಲ" ಎಂದುಬಿಟ್ಟೆ. ಸುಳ್ಳೇನಲ್ಲ. ಆದರೂ ನಾಚಿಕೆಯಾಯಿತು.

ಅಧಿಕಾರಿಯ ಜೊತೆ ಸುಣ್ಣದ ಬಕೆಟ್ ಹಿಡಿದು ಬಂದಿದ್ದ ಬಾಗಲಕೋಟೆಯ ಯಲ್ಲಪ್ಪ ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದ. "ಭಾಳ ಛಲೋ ಬರದಾರ್ರೀ. ಅಳಸಾಕ ಮನಸ್ಸ ಬರವಲ್ದು" ಎಂದ. ಅಳಿಸಿದ. ಅವನದು ದಿನಗೂಲಿ, ಹೇಳಿದ್ದನ್ನು ಮಾಡಲೇಬೇಕು. ನನಗೇನು ಬಂದಿತ್ತು?

ಮರುದಿನ ಬೆಳಿಗ್ಗೆ ಲಲಿತಕ್ಕ ಬಂದರು. ಬುಟ್ಟಿ ಇಳಿಸಿದರು. ಗೋಡೆ ನೋಡಿದರು. ತಪ್ಪಾಯಿತು ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ, "ಒಳ್ಳೆ ಸುಣ್ಣ ಟೀಚರ್. ಇನ್ನು ಬರೆದರೆ ಮತ್ತೂ ಚೆಂದ ಕಾಣ್ತದೆ" ಎಂದರು.

ಬರೆಯಲಿ. ಮಾಲಕರ ಲಿಖಿತ ಒಪ್ಪಿಗೆ ಬೇಕು ಅಂದಿದ್ದಿರಲ್ಲ ಸಾರ್? ನೀವೀಗ ಓದಿ ಮುಗಿಸಿದ್ದು ಅದನ್ನೇ.