ಎಲೆ ಅಡಿಕೆ ತಟ್ಟೆ ಯಾರ ಕೈಯಲ್ಲಿ
ಏಳನೇ ತರಗತಿಗೇ ಶಾಲೆ ಬಿಟ್ಟು ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತವನು ನಾನು. ಅರಕಲಗೂಡಿನ ಆ ಗಿರಣಿ ಈಗ ನನ್ನದೇ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ. ಆ ಹೆಮ್ಮೆಯೇ ನನ್ನನ್ನು ಸಿಕ್ಕಿಸಿತು.

ಹೊಳೆನರಸೀಪುರದ ಗೆಳೆಯ ತನ್ನ ಅಣ್ಣನ ಮಗನಿಗೆ ನನ್ನ ಮಗಳನ್ನು ಕೇಳಿದಾಗ, ಗಿರಣಿಯಲ್ಲಿ ನಾಲ್ಕು ಜನರ ಮುಂದೆ, "ನನ್ ಮಾತೇ ನನ್ ಮಗಳ ಮಾತು, ಕರ್ಕೊಂಡ್ ಬಾರ್ಲಾ" ಎಂದುಬಿಟ್ಟೆ.

ಮನೆಗೆ ಬಂದು ವಿಷಯ ಹೇಳಿದೆ. ಮಗಳು ಆಸ್ಪತ್ರೆಯಲ್ಲಿ ಕೌನ್ಸೆಲರ್. ಅತ್ತೆ ಪಕ್ಕದಲ್ಲಿರುವಾಗ ಸೊಸೆಯನ್ನು ಏನು ಕೇಳಿದರೂ ಹ್ಞೂಂ ಅನ್ನುತ್ತಾಳೆ, ಒಬ್ಬಳನ್ನೇ ಕೂರಿಸಿಕೊಂಡು, ಇಲ್ಲ ಅನ್ನುವುದಕ್ಕೂ ದಾರಿ ಬಿಟ್ಟು ಕೇಳಬೇಕು ಎಂದು ಅವಳಿಗೆ ತರಬೇತಿಯಲ್ಲಿ ಹೇಳಿದ್ದರಂತೆ.

"ನಮ್ಮನೇಲಿ ಅಂಥ ಅತ್ತೆ ಯಾರವ್ರೆ?" ಎಂದೆ.

"ನೀನೇ ಇದ್ದೀಯಲ್ಲಪ್ಪಾ."

ಒಲೆಯ ಮುಂದಿದ್ದ ಹೆಂಡತಿ ಕಿಸಕ್ಕನೆ ನಕ್ಕಳು.

"ಎಲ್ರ ಮುಂದೆ ಒಪ್ಪಿಗೆನಾ ಅಂತ ಕೇಳ್ಬ್ಯಾಡ," ಎಂದಳು ಮಗಳು. "ಹುಡುಗನ್ ಜತೆ ಮಾತಾಡಿದ್ ಮ್ಯಾಲೆ, ಒಪ್ಪಿದ್ರೆ ಎಲೆ ಅಡಿಕೆ ತಟ್ಟೆ ನಾನೇ ತತ್ತೀನಿ. ಇಲ್ದಿದ್ರೆ ಅವ್ವ ತತ್ತಾಳೆ. ಆಗ ಅವ್ರಿಗೆ ಬ್ಯಾಡ ಅನ್ನೋದು ನಿನ್ ಕೆಲ್ಸ."

ಆಗಲಿ ಎಂದೆ. ತಟ್ಟೆ ಅವಳ ಕೈಯಲ್ಲೇ ಬರುತ್ತದೆಂಬ ಧೈರ್ಯದ ಮೇಲೆ ಒಪ್ಪಿದ್ದೆ.

ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಯಿತು. ಹುಡುಗ ಹುಡುಗಿ ಹಿತ್ತಲಲ್ಲಿ ಮಾತಾಡಿ ಬಂದರು. ಹುಡುಗನಲ್ಲಿ ನನಗೊಂದು ಕುಂದೂ ಕಾಣಲಿಲ್ಲ. ಅಡುಗೆಮನೆಯ ಪರದೆ ಸರಿಯಿತು. ತಟ್ಟೆ ಹಿಡಿದು ಬಂದವಳು ನನ್ನ ಹೆಂಡತಿ.

ಎದುರಿಗೆ ಸಾಲು ಕುರ್ಚಿ, ಬಾಗಿಲಲ್ಲಿ ಚಪ್ಪಲಿ ರಾಶಿ. ನನ್ನ ಮನೆಯಲ್ಲೇ ಎದ್ದು ಹೋಗಲು ನನಗೆ ಜಾಗವಿರಲಿಲ್ಲ.

"ಮಗೀಗೆ ನಾಚ್ಕೆ ಕಣ್ಲಾ," ಗೆಳೆಯ ನಕ್ಕ. "ಕೂಗು, ನಾನೇ ಕೇಳ್ತೀನಿ. ನಮ್ ಮುಂದೆ ಒಲ್ಲೆ ಅಂದಾಳಾ?"

ಅನ್ನುವುದಿಲ್ಲ. ಅದು ನನಗೂ ಗೊತ್ತಿತ್ತು. ಕೂಗಿದರೆ ಬಂದು ತಲೆ ತಗ್ಗಿಸಿ ಹ್ಞೂಂ ಎನ್ನುತ್ತಾಳೆ, ನನ್ನ ಮಾತೂ ಉಳಿಯುತ್ತದೆ. ಪರದೆಯ ಕೆಳಗೆ ಅವಳ ಪಾದಗಳು ಕಾಣುತ್ತಿದ್ದವು.

"ನಾಚ್ಕೆ ಅಲ್ಲ ಕಣ್ಲಾ. ಈ ಸಂಬಂಧ ಬ್ಯಾಡ."

"ಬಾ ಅಂದೋನು ನೀನೇ ಅಲ್ವೇನ್ಲಾ?"

"ಊಂ, ನಾನೇ. ಬ್ಯಾಡ ಅಂತಿರೋನೂ ನಾನೇ."

ಅವನು ಎಲೆ ಅಡಿಕೆ ಮುಟ್ಟದೆ ಎದ್ದ.

ಇವತ್ತಿಗೂ ಸಂತೆಗೆ ಬಂದರೆ ಗಿರಣಿಯತ್ತ ಮುಖ ಹಾಕುವುದಿಲ್ಲ. ನಾನು ಮಾತಿಗೆ ತಪ್ಪಿದವನೆಂದು ಹೇಳಿಕೊಂಡು ತಿರುಗುತ್ತಾನೆ. ಕಾರಣ ಹೇಳೋಣವೆಂದರೆ ಮಗಳನ್ನು ಬೀದಿಯ ಬಾಯಿಗೆ ಕೊಟ್ಟಂತಾಗುತ್ತದೆ. ರಾಗಿ ಬೀಸಿಸಲು ಬಂದವರು, "ಏನಣ್ಣ, ಅಂಗಂತೆ?" ಎಂದು ಶುರು ಮಾಡಿದರೆ ಗಿರಣಿಯ ಸ್ವಿಚ್ಚು ಹಾಕುತ್ತೇನೆ. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಹಿಟ್ಟು ಆಗುವವರೆಗೆ ಮಾತ್ರ.