ನನ್ನದಲ್ಲದ ಹಣಕ್ಕಾಗಿ ಕಟಕಟೆ ಹತ್ತಿದ್ದು

ಪುಣೆಯ ಬಿಬವೇವಾಡಿಯ ನಮ್ಮ ಮಹಿಳಾ ಭಜನಾ ಮಂಡಳಿಯಲ್ಲಿ ಹಣ ಕೂಡಿಸುವ ಪದ್ಧತಿ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಏಕಾದಶಿಯ ಸಂಜೆ ವಿಠ್ಠಲನ ಪಟದ ಮುಂದೆ ಒಂದು ತಾಮ್ರದ ತಂಬಿಗೆಯನ್ನು ಇಟ್ಟಿರುತ್ತೇವೆ. ಬಂದವರು ನಮಸ್ಕರಿಸುವಾಗ ಸೆರಗಿನ ಮರೆಯಲ್ಲಿ ತಮ್ಮ ಶಕ್ತ್ಯನುಸಾರ ಅದರಲ್ಲಿ ಹಾಕುತ್ತಾರೆ. ಯಾರು ಎಷ್ಟು ಹಾಕಿದರೆಂದು ಯಾರೂ ನೋಡುವುದಿಲ್ಲ, ಬರೆದಿಡುವುದೂ ಇಲ್ಲ. ಹೋಟೆಲಿನ ಒಡತಿಯೂ ನಾಲ್ಕು ಮನೆಗಳಿಗೆ ಚಪಾತಿ ಮಾಡಿಕೊಟ್ಟು ಬದುಕುವವಳೂ ಒಂದೇ ಪಾತ್ರೆಗೆ ಕೈ ನೀಡುವಾಗ ಹೆಚ್ಚು ಕಡಿಮೆಯ ಮಾತು ಬರಬಾರದೆಂದು ಮಂಡಳಿಯನ್ನು ಆರಂಭಿಸಿದ ಹಿರಿಯರು ಹಾಗೆ ಗೊತ್ತುಮಾಡಿದ್ದರು. ಕೂಡಿದ ಹಣವನ್ನು ನನ್ನ ಪಿಂಚಣಿಯ ಖಾತೆಯಲ್ಲಿ ಕಾಪಾಡುವುದು ನನ್ನ ಪಾಲಿನ ಸೇವೆ. ಜೀವಮಾನವೆಲ್ಲ ಶಾಲೆಯಲ್ಲಿ ಸಂಸ್ಕೃತ ಕಲಿಸಿದವಳೆಂಬ ಕಾರಣಕ್ಕೆ ಆ ಸೇವೆ ನನಗೆ ಒದಗಿತ್ತು, ಮತ್ತು ಅದನ್ನು ನಾನು ಯಾವ ಬಿರುದಿಗಿಂತಲೂ ಹೆಚ್ಚಿನದೆಂದು ಭಾವಿಸಿದ್ದೆ.

ನಮ್ಮ ಹಳೆಯ ಹಾರ್ಮೋನಿಯಮ್ಮಿನ ತಿದಿ ಎಷ್ಟು ಸಲ ಅಂಟಿಸಿದರೂ ಸೋರುತ್ತಿತ್ತು. ಸ್ವರಕ್ಕಿಂತ ಉಸಿರೇ ಹೆಚ್ಚು ಕೇಳಿಸುತ್ತಿತ್ತು.

"ಇದಕ್ಕೆ ದಮ್ಮು ಉಂಟು ಮಾರಾಯ್ರೆ," ಎಂದಿದ್ದರು ಉಡುಪಿ ಕಡೆಯ ನಮ್ಮ ಹೋಟೆಲಿನ ಒಡತಿ. "ಇದನ್ನು ಭಜನೆಗಲ್ಲ, ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು."

ಒಂದು ಒಳ್ಳೆಯ ವಾದ್ಯಕ್ಕೆಂದು ವರ್ಷಕ್ಕೂ ಹೆಚ್ಚು ಕಾಲ ಹಣ ಕೂಡಿತು. ಹೊಸದರ ಬೆಲೆ ನಮಗೆ ಎಟುಕುವಂತಿರಲಿಲ್ಲ. ಬಳಸಿದ ವಸ್ತುಗಳನ್ನು ಕೊಳ್ಳುವ, ಮಾರುವ ಆ್ಯಪ್ ಒಂದನ್ನು ನಾನು ಮೊಬೈಲಿನಲ್ಲಿ ನೋಡುತ್ತಿದ್ದೆ. ಒಂದು ಏಕಾದಶಿಯ ಬೆಳಿಗ್ಗೆ ಅದರಲ್ಲಿ ತೇಗದ ಪೆಟ್ಟಿಗೆಯ, ತುಳಸೀಮಾಲೆ ಹಾಕಿದ ಒಂದು ಹಾರ್ಮೋನಿಯಂ ಕಂಡಿತು. ಕೊಟ್ಟಿದ್ದ ಸಂಖ್ಯೆಗೆ ಫೋನು ಮಾಡಿದೆ.

"ರಾಮಕೃಷ್ಣ ಹರಿ, ಮಾವುಲಿ," ಎಂದಿತು ಅತ್ತಲಿನ ಧ್ವನಿ.

ಮಾವುಲಿ ಎಂದರೆ ಮರಾಠಿಯಲ್ಲಿ ತಾಯಿ. ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳು ಗಂಡು ಹೆಣ್ಣೆನ್ನದೆ ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ. ಪ್ರತಿ ಆಷಾಢದಲ್ಲಿ ಸಂತರ ಪಾದುಕೆಗಳ ಪಾಲಖಿ, ಅಂದರೆ ಪಲ್ಲಕ್ಕಿ, ಪುಣೆಗೆ ಬಂದಾಗ ದಾರಿಯ ಬದಿಯಲ್ಲಿ ನಿಂತು ಅವರಿಗೆ ನೀರು ಕೊಟ್ಟವಳು ನಾನು. ಆ ಒಂದು ಸಂಬೋಧನೆ ಕಿವಿಗೆ ಬಿದ್ದೊಡನೆ, ಎದುರಿಗಿರುವವನು ಅಪರಿಚಿತನೆಂಬ ಭಾವವೇ ನನ್ನಲ್ಲಿ ಉಳಿಯಲಿಲ್ಲ.

ಅವನ ಮನೆ ಊರಿನ ಇನ್ನೊಂದು ಬದಿಯ ಹಡಪಸರದಲ್ಲಂತೆ. ತಂದೆ ಕೀರ್ತನಕಾರರಾಗಿದ್ದರಂತೆ, ಈಗಿಲ್ಲವಂತೆ. ಆ ವಾದ್ಯ ಆರ್ಕೆಸ್ಟ್ರಾದವರ ಕೈಗೆ ಹೋಗಬಾರದು, ನಾಮಸ್ಮರಣೆಯ ಮನೆಯಲ್ಲೇ ಇರಬೇಕೆಂದು ಅವನ ಆಸೆಯಂತೆ. ನಾನೇ ಬಂದು ನೋಡುವೆನೆಂದರೆ, "ನಿಮ್ಮ ವಯಸ್ಸಿಗೆ ಆ ಟ್ರಾಫಿಕ್ಕಿನಲ್ಲಿ ಯಾಕೆ ಮಾವುಲಿ? ಇವತ್ತೇ ಟೆಂಪೋದಲ್ಲಿ ಕಳಿಸುತ್ತೇನೆ, ಸಂಜೆಯ ಭಜನೆಗೆ ನಿಮ್ಮ ಬಾಗಿಲಲ್ಲಿರುತ್ತದೆ," ಎಂದ. ಏಕಾದಶಿಯ ದಿನವೇ ವಾದ್ಯ ವಿಠ್ಠಲನ ಸನ್ನಿಧಿಗೆ ಬರುವುದೆಂಬ ಹಿಗ್ಗಿನಲ್ಲಿ ಮುಂಗಡವೆಂದು ಎರಡು ಸಾವಿರ ಕಳಿಸಿದೆ. ಮಧ್ಯಾಹ್ನ ಟೆಂಪೋ ಹೊರಟಿತೆಂದಾಗ ಉಳಿದ ಇಪ್ಪತ್ತು ಸಾವಿರವನ್ನೂ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಬಂತು. ಟೆಂಪೋವನ್ನು ಮಗರಪಟ್ಟಾದ ಹತ್ತಿರ ಟ್ರಾಫಿಕ್ ಪೊಲೀಸರು ತಡೆದಿದ್ದಾರೆ, ಇನ್ನಷ್ಟು ಹಣ ತುಂಬಿದರೆ ಬಿಡುತ್ತಾರೆ, ಅದನ್ನು ಆಮೇಲೆ ಹಿಂದಿರುಗಿಸುತ್ತೇನೆ ಎಂದ. ಕನ್ನಡಕ ಹುಡುಕುತ್ತೇನೆ, ಸ್ವಲ್ಪ ತಡೆಯಪ್ಪ ಎಂದೆ.

"ಬೇಗ ಮಾವುಲಿ," ಎಂದ ಅವನು, ಬಾಯಲ್ಲಿ ತುತ್ತಿಟ್ಟುಕೊಂಡೇ. "ಊಟಕ್ಕೆ ಕೂತಿದ್ದೇನೆ. ಅನ್ನ, ಆಮಟಿ ಎಲ್ಲ ಆರಿ ಹೋಗ್ತಾ ಇದೆ."

ಕನ್ನಡಕಕ್ಕೆ ಚಾಚಿದ ಕೈ ಅಲ್ಲಿಯೇ ನಿಂತಿತು. ಕೀರ್ತನಕಾರರ ಮಗ, ವಾದ್ಯಕ್ಕೂ ತುಳಸೀಮಾಲೆ ಹಾಕಿಟ್ಟವನು, ಏಕಾದಶಿಯ ದಿನ ಅನ್ನ, ಬೇಳೆಯ ಆಮಟಿ ಉಣ್ಣುತ್ತಿದ್ದಾನೆ! ರೋಗಿಯಾಗಿದ್ದರೆ, ಬಾಲಕನಾಗಿದ್ದರೆ ಬೇರೆ ಮಾತು. ನನ್ನನ್ನು ಮಾವುಲಿ ಎಂದವನಿಗೆ ಆ ದಿನ ಯಾವುದೆಂಬುದೇ ಗೊತ್ತಿರಲಿಲ್ಲ.

"ಇವತ್ತು ತಿಥಿ ಯಾವುದಪ್ಪ?" ಎಂದು ಕೇಳಿದೆ.

"ತಾರೀಖು ಬೇಕಾ ಮಾವುಲಿ? ತಾರೀಖು..." ಎಂದು ಅವನು ತಡವರಿಸುತ್ತಿರುವಾಗಲೇ ಫೋನು ಇಟ್ಟೆ.

ಆ ಕ್ಷಣದಲ್ಲಿ ನಾನು ಕೂತು ಅಳಲಿಲ್ಲವೆಂಬುದನ್ನು ಇಂದಿಗೂ ಅಭಿಮಾನದಿಂದ ನೆನೆಯುತ್ತೇನೆ. ಮೊದಲು ಬ್ಯಾಂಕಿಗೆ, ಕೂಡಲೇ ಸೈಬರ್ ವಂಚನೆಗೆಂದಿರುವ ಸರ್ಕಾರಿ ಸಹಾಯವಾಣಿಗೆ ಫೋನು ಮಾಡಿದೆ. ಅತ್ತಲಿನವರು ಹಣ ಕಳಿಸಿದ ವಹಿವಾಟಿನ ಸಂಖ್ಯೆ ಕೇಳಿದರು. ಮಕ್ಕಳಿಗೆ ದೀರ್ಘ ಸಮಾಸವನ್ನು ಬಿಡಿಸಿ ಓದಿಸುತ್ತಿದ್ದ ಹಾಗೆ ಅಂಕಿ ಅಂಕಿಯನ್ನೂ ಬಿಡಿಸಿ ಹೇಳಿದೆ, ಒಂದೂ ತಪ್ಪಲಿಲ್ಲ. ಮೊದಲ ಎರಡು ಸಾವಿರವನ್ನು ಅವನು ಆಗಲೇ ತೆಗೆದುಕೊಂಡಿದ್ದ. ಇಪ್ಪತ್ತು ಸಾವಿರ ಇನ್ನೂ ಅವನ ಖಾತೆಯಲ್ಲಿತ್ತು. ಅದನ್ನು ಅಲ್ಲಿಯೇ ತಡೆಹಿಡಿಯಲಾಯಿತು.

ನನ್ನ ಯಜಮಾನರು ದೇವರ ಮನೆಯಿಂದ ಎದ್ದು ಬಂದು ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ಧಾರವಾಡದಲ್ಲಿ ಅವರ ಅಜ್ಜನವರಿಂದ ಬಂದ ಅಭ್ಯಾಸ ಅವರದು: ಹೋದದ್ದಕ್ಕೆ ಮರುಗಬಾರದು.

"ಹೋಗ್ಲಿ ಬಿಡು. ಕೃಷ್ಣಾರ್ಪಣ ಅಂದುಬಿಡು. ನನ್ನ ಪಿಂಚಣಿಯೊಳಗ ಹೊಸದ ತಂದಿಡೋಣು, ಯಾರಿಗೂ ಗೊತ್ತಾಗೂದಿಲ್ಲ."

"ನಮ್ಮದಿದ್ದರ ಅರ್ಪಣ ಮಾಡಬಹುದಿತ್ತರಿ," ಎಂದೆ. "ಇದು ನಮ್ಮದಲ್ಲ. ಮಂದಿ ರೊಕ್ಕ ತೊಗೊಂಡು ಕೃಷ್ಣಗ ಕೊಟ್ಟೆ ಅಂದ್ರ ಅವನರ ಒಪ್ಪತಾನೇನ್ರಿ? ಮ್ಯಾಲ ಕಳ್ಳ ಒಯ್ದದ್ದಕ್ಕ ದಾನ ಅಂತ ಹೆಸರಿಡಬೇಕೇನು?"

ಅವರು ನಕ್ಕರು. "ಶಾಸ್ತ್ರ ಓದಿದಾಕಿನ್ನ ಲಗ್ನ ಆಗಬಾರದು ಅಂತ ನಮ್ಮವ್ವ ಆಗಲೇ ಅಂದಿದ್ದಳು. ನಡಿ, ಎಲ್ಲಿಗೆ ಹೋಗಬೇಕೋ ಹೋಗು."

ದಾನಕ್ಕೆ ಮೊದಲು ಸ್ವತ್ವವಿರಬೇಕು. ತನ್ನದಾದದ್ದನ್ನು ಬಿಟ್ಟುಕೊಟ್ಟರೆ ಮಾತ್ರ ಅದು ದಾನ. ಬಾಲ್ಯದಲ್ಲಿ ತಂದೆಯವರ ಎದುರಿಗೆ ಕುಳಿತು ಕಲಿತ ಈ ವಿಚಾರ ನನಗೆ ಪೊಲೀಸ್ ಠಾಣೆಯ ದಾರಿ ತೋರಿಸುವುದೆಂದು ಆಗ ಯಾರು ಎಣಿಸಿದ್ದರು!

ಅದಕ್ಕೂ ಮುನ್ನ ಮಂಡಳಿಗೆ ಹೇಳಬೇಕಿತ್ತು. ಮೊದಲು ಹೋಟೆಲಿಗೆ ಹೋಗಿ ಒಡತಿಗೆ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಗಲ್ಲಾದಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಎಂತ ಟೀಚರೇ ಇದಕ್ಕೆಲ್ಲ ಮುಖ ಸಣ್ಣ ಮಾಡ್ಕೊಳ್ಳುದು? ನಮ್ಮಲ್ಲಿ ದಿನಕ್ಕೊಬ್ಬ ಮಸಾಲೆ ದೋಸೆ ತಿಂದು, ಪೇಮೆಂಟ್ ಆಯ್ತು ಅಂತ ಬರೀ ಫೋನು ತೋರಿಸಿ ಹೋಗ್ತಾನೆ. ಬನ್ನಿ, ರಿಕ್ಷಾ ಹಿಡಿಯುವ."

ಠಾಣೆಯಲ್ಲಿ ಸೈಬರ್ ದೂರುಗಳನ್ನು ನೋಡುತ್ತಿದ್ದ ಮಹಿಳಾ ಅಧಿಕಾರಿ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿ, "ಯಾವಾಗ ಆಯಿತು ಆಜಿ?" ಎಂದು ಮರಾಠಿಯಲ್ಲಿ ಕೇಳಿದರು. ಇವತ್ತೇ, ಮಧ್ಯಾಹ್ನ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಎಂಜಿನಿಯರುಗಳು ನಾಚಿಕೆಪಟ್ಟು ವಾರ ಬಿಟ್ಟು ಬರುತ್ತಾರೆ. ಅಷ್ಟರಲ್ಲಿ ಖಾತೆ ಖಾಲಿ. ನೀವು ಊಟವನ್ನೂ ಮಾಡದೆ ಬಂದಿದ್ದೀರಿ."

"ಅವರಿಗೆ ಇವತ್ತು ಊಟವೇ ಇಲ್ಲ, ಉಪವಾಸ," ಎಂದರು ಹೋಟೆಲಿನ ಒಡತಿ. "ಊಟ ಮಾಡಿದ್ದು ಕಳ್ಳ. ಹಾಗಾಗಿಯೇ ಸಿಕ್ಕಿಬಿದ್ದದ್ದು."

ಆದರೆ ಸಿಕ್ಕಿದ್ದು ಹಣ ಮಾತ್ರ, ಕಳ್ಳನಲ್ಲ. ಆ ಖಾತೆ ಅವನದಲ್ಲ, ಯಾರೋ ಬಡಪಾಯಿಯ ಹೆಸರಿನಲ್ಲಿ ತೆರೆದದ್ದಾಗಿತ್ತು. ತಡೆಹಿಡಿದ ಹಣ ನಮಗೆ ಬರಬೇಕಾದರೆ ನ್ಯಾಯಾಲಯದ ಅಪ್ಪಣೆ ಬೇಕಾಗಿತ್ತು. ತಿಂಗಳುಗಳು ಕಳೆದವು. ಎಷ್ಟೋ ಸಲ ಠಾಣೆಗೆ ಹೋಗಿ ಬೆಂಚಿನ ಮೇಲೆ ಕುಳಿತು, ಮನಸ್ಸಿನಲ್ಲಿಯೇ ವಿಷ್ಣುಸಹಸ್ರನಾಮ ಮುಗಿಸಿ ಹಿಂದಿರುಗಿದ್ದೇನೆ. ಮಂಡಳಿಯಲ್ಲಿ ಕೆಲವರು ಕನಿಕರದಿಂದಲೇ, ಸಾಕು ಬಿಡಿ, ಮತ್ತೆ ಕೂಡಿಸೋಣ ಎಂದರು. ನನಗೆ ಆ ಕನಿಕರ ಸಹಿಸಲು ಕಷ್ಟವಾಯಿತು. ಚಪಾತಿ ಮಾಡುವಾಕೆ ಎಷ್ಟು ಹಾಕಿದ್ದಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಪ್ರತಿಯೊಂದು ರೂಪಾಯಿಯೂ ಅವಳದೇ ಇರಬಹುದೆಂದು ಭಾವಿಸಿ ನಡೆದುಕೊಳ್ಳಬೇಕಾಗಿತ್ತು.

ಕೊನೆಗೆ ನ್ಯಾಯಾಲಯದ ಕರೆ ಬಂತು. ಆ ಅಧಿಕಾರಿಯೇ ಬಾಗಿಲಲ್ಲಿ ನನಗೆ ಪಾಠ ಹೇಳಿಕೊಟ್ಟರು: "ಆಜಿ, ಹಣ ನಿಮ್ಮದೇ ಎಂದು ಕೇಳುತ್ತಾರೆ. ಹೌದು, ನನ್ನದೇ ಎನ್ನಿ. ಅಷ್ಟೇ. ಬೇರೆ ಏನೂ ಬೇಡ."

ಕಟಕಟೆಯಲ್ಲಿ ನಿಂತೆ. ನ್ಯಾಯಾಧೀಶರು ತರುಣರು, ಸೌಮ್ಯರು. ಸತ್ಯವನ್ನೇ ಹೇಳುವೆನೆಂದು ಪ್ರಮಾಣ ಮಾಡಿಸಿದರು. ಬಳಿಕ ಮರಾಠಿಯಲ್ಲಿ, "ಈ ಹಣ ನಿಮ್ಮದೇ?" ಎಂದರು.

ನಮ್ಮ ಮನೆಯಲ್ಲಿ ಹೋಮ ನಡೆದಾಗಲೆಲ್ಲ ಆಹುತಿ ಬೀಳುತ್ತಲೇ 'ನ ಮಮ', ನನ್ನದಲ್ಲ, ಎಂದು ಹೇಳುವುದನ್ನು ಹುಟ್ಟಿದಾಗಿನಿಂದ ಕೇಳಿದವಳು ನಾನು. ದೇವರ ಮುಂದೆ ಇಟ್ಟದ್ದನ್ನು ನನ್ನದೆನ್ನಲು, ಅದೂ ಪ್ರಮಾಣ ಮಾಡಿದ ಬಾಯಿಂದ, ನಾಲಿಗೆ ಏಳಲಿಲ್ಲ.

"ಇಲ್ಲ ಸಾಹೇಬರೇ," ಎಂದೆ. "ನನ್ನದಲ್ಲ."

ಆ ಅಧಿಕಾರಿ ಹಣೆಗೆ ಕೈ ಹಚ್ಚಿದ್ದು ಕಂಡಿತು.

"ಹಾಗಾದರೆ ಯಾರದು?"

"ದೇವರ ಮುಂದೆ ಮಂಡಳಿಯವರು ಇಟ್ಟದ್ದು. ನನ್ನ ವಶದಲ್ಲಿತ್ತು."

"ಯಾರು ಯಾರು, ಎಷ್ಟೆಷ್ಟು ಕೊಟ್ಟರು?"

"ಅದನ್ನು ನೋಡುವುದು ನಮ್ಮಲ್ಲಿ ನಿಷಿದ್ಧ."

ಹಿಂದಿನ ಸಾಲಿನಿಂದ ಹೋಟೆಲಿನ ಒಡತಿ ಎದ್ದು ನಿಂತು, ತಮ್ಮ ಹರುಕು ಮರುಕು ಮರಾಠಿಯಲ್ಲಿ, "ಕೊಟ್ಟವರು ನಾವು ಸಾಹೇಬ್! ಎಷ್ಟು ಅಂತ ನಮಗೂ ಗೊತ್ತಿಲ್ಲ!" ಎಂದರು. ಅವರ ಜೊತೆಗೆ ಬೆಂಚು ತುಂಬ ಕುಳಿತಿದ್ದ ಮಂಡಳಿಯ ಹೆಂಗಸರೆಲ್ಲರೂ ಎದ್ದು ನಿಂತರು. ನ್ಯಾಯಾಲಯದಲ್ಲಿ ನಗು ಹರಡಿತು. ನ್ಯಾಯಾಧೀಶರು ಮಾತ್ರ ನಗಲಿಲ್ಲ. ಎಲ್ಲರನ್ನೂ ಕುಳ್ಳಿರಿಸಿ ನನ್ನ ಕಡೆಗೆ ತಿರುಗಿದರು.

"ಹಣ ಹೋದದ್ದು ನಿಮ್ಮ ಖಾತೆಯಿಂದ?"

"ಹೌದು."

"ಅದಕ್ಕಾಗಿ ಇವರೆಲ್ಲರಿಗೂ ಉತ್ತರ ಕೊಡಬೇಕಾದವರು ನೀವು?"

"ಹೌದು. ಅದಕ್ಕಾಗಿಯೇ ಬಂದಿದ್ದೇನೆ."

"ಹಾಗಾದರೆ ತೆಗೆದುಕೊಳ್ಳಬೇಕಾದವರೂ ನೀವೇ," ಎಂದು ಹೇಳಿ ಬರೆಯತೊಡಗಿದರು.

ಪರರು ನಂಬಿ ಇಟ್ಟ ವಸ್ತುವಿಗೆ ನಮ್ಮ ಶಾಸ್ತ್ರಗಳು ನಿಕ್ಷೇಪವೆನ್ನುತ್ತವೆ. ಒಡೆತನವಿಲ್ಲದಿದ್ದರೂ ಅದನ್ನು ಕಾಯುವವನ ಹೊಣೆ ದೊಡ್ಡದು. ನಾನು ಪುಸ್ತಕದಲ್ಲಿ ಕಲಿತ ಆ ಮಾತಿನ ಸಾರವನ್ನು ಕಪ್ಪು ಕೋಟಿನ ಆ ತರುಣ ತನ್ನ ಕರ್ತವ್ಯದ ಭಾಷೆಯಲ್ಲಿ ಹೇಳಿದ್ದ. ಕಟಕಟೆಯಿಂದ ಇಳಿಯುವಾಗ ಮನಸ್ಸಿನಲ್ಲಿಯೇ ಅವನನ್ನು ಹರಸಿದೆ. ಸುಳ್ಳಾಡದೆ ಗೆದ್ದೆನೆಂಬ ಹೆಮ್ಮೆಯನ್ನು ಅಂದು ನಾನು ಅಡಗಿಸಿಕೊಳ್ಳಲಿಲ್ಲ. ರಿಕ್ಷಾದಲ್ಲಿ ನಾವೆಲ್ಲ ಗಟ್ಟಿಯಾಗಿ ಹಾಡುತ್ತಲೇ ಬಂದೆವು. ಚಾಲಕ ಕನ್ನಡಿಯಲ್ಲಿ ನೋಡಿ ನೋಡಿ ನಗುತ್ತಿದ್ದ.

ಕೆಲವು ದಿನಗಳಲ್ಲಿ ಇಪ್ಪತ್ತು ಸಾವಿರ ಖಾತೆಗೆ ಬಂತು. ಮುಂಗಡದ ಎರಡು ಸಾವಿರ ಬರಲಿಲ್ಲ. ಅದನ್ನು ನನ್ನ ಪಿಂಚಣಿಯಿಂದ ಸೇರಿಸಿದೆ. ಬೇಡವೆಂದು ಎಲ್ಲರೂ ಜಗಳಕ್ಕೆ ಬಂದರು. ನೋಡದೆ, ವಿಚಾರಿಸದೆ ಕಳಿಸಿದ್ದು ನಾನು, ಅದನ್ನು ತುಂಬಿಕೊಡುವುದೂ ನನ್ನ ಧರ್ಮ ಎಂದು ಹೇಳಿ ಮಾತು ಮುಗಿಸಿದೆ. ಬಳಿಕ, ಇನ್ನು ಈ ಹೊಣೆಯನ್ನು ಬೇರೆಯವರಿಗೆ ವಹಿಸಿ ಎಂದು ಕೈ ಜೋಡಿಸಿದೆ.

"ಅದೆಲ್ಲ ಆಗುದಿಲ್ಲ ಟೀಚರೇ," ಎಂದರು ಹೋಟೆಲಿನ ಒಡತಿ. "ನಿಮಗೀಗ ಬ್ಯಾಂಕು, ಪೊಲೀಸು, ಕೋರ್ಟು ಎಲ್ಲ ಕಲಿತಾಗಿದೆ. ಹೊಸಬರಿಗೆ ಕೊಟ್ರೆ ಅವರು ಮೊದಲಿಂದ ಮೋಸ ಹೋಗಿ ಕಲಿಯಬೇಕು!"

ಎಲ್ಲರೂ ನಕ್ಕರು. ಚಪಾತಿ ಮಾಡುವಾಕೆ ಮಾತ್ರ ನಗದೆ, "ನೀವ ಇರ್ರಿ ಬಾಯಾರ. ನಮಗ ಬ್ಯಾರೆಯವರು ಬ್ಯಾಡ," ಎಂದಳು. ಎಂದೂ ಸಭೆಯಲ್ಲಿ ಬಾಯಿ ತೆರೆಯದವಳು ಅವಳು. ಜೋಡಿಸಿದ ಕೈ ಇಳಿಸಿ, ಆಗಲಿ ಎಂದೆ.

ಮರುವಾರ ಎಲ್ಲರೂ ಕೂಡಿ ಒಬ್ಬ ವಾದ್ಯ ತಯಾರಕರ ಅಂಗಡಿಗೆ ಹೋದೆವು. ಬಳಸಿದ ಆದರೆ ಗಟ್ಟಿಮುಟ್ಟಾದ ಹಾರ್ಮೋನಿಯಂ ಒಂದನ್ನು ಅವರು ಕೆಳಗಿಳಿಸಿದರು. ಒಬ್ಬೊಬ್ಬರಾಗಿ ಕುಳಿತು ಪ್ರತಿಯೊಂದು ಸ್ವರದ ಮನೆಯನ್ನೂ ಒತ್ತಿ, ತಿದಿಗೆ ಕಿವಿಯಿಟ್ಟು ಪರೀಕ್ಷಿಸಿದೆವು. ಅಂಗಡಿಯವರು ಬೆವರು ಒರೆಸಿಕೊಂಡು, "ತಾಯೀ, ಇಷ್ಟು ವಿಚಾರಣೆ ನನ್ನ ಮದುವೆಯಲ್ಲಿಯೂ ಆಗಿರಲಿಲ್ಲ," ಎಂದರು. ಕೊನೆಗೆ ಎಲ್ಲರೂ ಒಪ್ಪಿ ತಲೆಯಾಡಿಸಿ, ಹಣ ಕೊಡಲು ನನಗೆ ದಾರಿ ಬಿಟ್ಟು ಎರಡೂ ಬದಿಗೆ ಸರಿದು ನಿಂತರು.