ಭಟ್ಟರು ಲಂಡನ್ನಿಗೆ ಹೊರಟಿದ್ದು

ಮಡಿಕೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಭಟ್ಟರ ಬಲಮೊಣಕಾಲು ಕೂತಲ್ಲೂ ಕುಣಿಯುತ್ತಿತ್ತು. ಮಣೆಯ ಮೇಲೆ ಕೂತರೆ ಎದುರಿನ ಪಂಚಪಾತ್ರೆಯ ನೀರು ತುಳುಕುತ್ತಿತ್ತು. ದೇವಸ್ಥಾನದ ಪೂಜೆ ಮುಗಿಸಿ ಬಂದವರು ಕಾಫಿಯನ್ನೂ ನಮ್ಮ ಅಂಗಳದಲ್ಲಿ ಓಡಾಡುತ್ತಲೇ ಕುಡಿಯುತ್ತಿದ್ದರು. "ಕೂತ್ಕೊಳ್ಳಿ ಭಟ್ರೇ" ಅಂದರೆ, "ಕೂತ್ರೆ ಏನೋ ಮರೆತ ಹಾಗಾಗ್ತದೆ ಟೀಚರೇ" ಅನ್ನುತ್ತಿದ್ದರು.

ಅವರಿಗೆ ಒಬ್ಬಳೇ ತಂಗಿ. ತಾಯಿ ಇಲ್ಲದ ಅವಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದ್ದು ಇವರೇ. ಮದುವೆಯಾಗಿ ಲಂಡನ್ನಿಗೆ ಹೋದವಳು ಅಣ್ಣ ಒಮ್ಮೆ ಬರಲಿ ಎಂದು ವೀಸಾ ಕೂಡ ಮಾಡಿಸಿದ್ದಳು. "ದೇವರನ್ನ ಯಾರ ಕೈಗೆ ಕೊಟ್ಟು ಹೋಗ್ಲಿ?" ಎಂದು ಭಟ್ಟರು ಮುಂದೂಡುತ್ತಲೇ ಇದ್ದರು.

ಒಂದು ಜೂನ್ ಬೆಳಿಗ್ಗೆ ಮಳೆಯಲ್ಲಿ ನೆನೆದುಕೊಂಡೇ ನಮ್ಮ ಮೆಟ್ಟಿಲೇರಿ ಬಂದರು. ತಂಗಿ ಮಿದುಳಿನಲ್ಲಿ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದ್ದಳು.

"ಮೊಬೈಲಲ್ಲಿ ನೋಡಿ ಟೀಚರೇ, ಬೆಂಗಳೂರಿಂದ ಲಂಡನ್ ಎಷ್ಟು ದೂರ?"

"ಸುಮಾರು ಎಂಟು ಸಾವಿರ ಕಿಲೋಮೀಟರ್. ನೇರ ವಿಮಾನ ಸಿಕ್ಕಿದ್ರೆ ಹತ್ತು ಹನ್ನೊಂದು ಗಂಟೆ."

"ಅಷ್ಟೇನಾ?" ಅವರ ಮುಖ ಕಪ್ಪಿಟ್ಟಿತು. "ಮೈಸೂರಿಗೆ ಹೋಗಿ ಮದುವೆ ಮಾಡಿಸಿ ಬರುವಷ್ಟು ಹೊತ್ತು! ಇಷ್ಟು ವರ್ಷ ಕೇಳ್ಲೇ ಇಲ್ಲ ನಾನು."

ಸೋದರಳಿಯ ಟಿಕೆಟ್ ಕಳಿಸಿದ. ಪೂಜೆಗೆ ಬೇರೆಯವರನ್ನು ಒಪ್ಪಿಸಿ ಅಂದೇ ಹೊರಟರು. ಮುಂದಿನದನ್ನು ವಾಪಸು ಬಂದ ಮೇಲೆ ಹೇಳಿದರು. ಮಾರನೆಯ ದಿನ ಮಧ್ಯಾಹ್ನ ಹತ್ತಿದ ವಿಮಾನ ಪಶ್ಚಿಮಕ್ಕೇ ಹಾರುತ್ತಿದ್ದುದರಿಂದ ಹೊತ್ತು ಮುಳುಗಲೇ ಇಲ್ಲವಂತೆ. ಕೂರಲಾರದೆ, ತಂಗಿಯ ಆಯುಸ್ಸಿಗಾಗಿ ಜಪ ಮಾಡುತ್ತಾ ಸೀಟುಗಳ ನಡುವೆ ನಡೆದರಂತೆ. ಗಗನಸಖಿ ಮತ್ತೆ ಮತ್ತೆ ಬಂದು ಕೂರಿಸಿದಳು. ಆಮೇಲೆ ವಿಷಯ ತಿಳಿದು ತಾನೂ ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತಳು. ಇಳಿದಾಗಲೂ ಬಿಸಿಲಿತ್ತು. ಕರೆದೊಯ್ಯಲು ಬಂದ ಸೋದರಳಿಯ ತಬ್ಬಿಕೊಂಡು ಅತ್ತ. ಇವರಿನ್ನೂ ಆಕಾಶದಲ್ಲಿದ್ದಾಗಲೇ ತಂಗಿ ಹೋಗಿಬಿಟ್ಟಿದ್ದಳು.

"ಅವಳು ಹೋದ್ಮೇಲೂ ಆಯುಸ್ಸು ಕೇಳ್ತಾನೇ ಇದ್ದೆ ಟೀಚರೇ" ಎಂದರು. ನಾನು ಕಾಫಿ ತರುತ್ತೇನೆಂದು ಒಳಗೆ ಹೋಗಿ, ಒಲೆಯ ಮುಂದೆ ಸುಮ್ಮನೆ ನಿಂತೆ.

ಮುಂದಿನ ವರ್ಷ ಗೋಣಿಕೊಪ್ಪಲಿನಿಂದ ನನ್ನ ಅಣ್ಣ ಫೋನ್ ಮಾಡಿ, ಅಮ್ಮನಿಗೆ ಉಸಿರಾಡಲು ಕಷ್ಟವಾಗುತ್ತಿದೆ ಎಂದ. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಶನಿವಾರ ಹೋಗುತ್ತೇನೆ ಎಂದು ಭಟ್ಟರಿಗೆ ಹೇಳಿದೆ. ಅವರು ರಸ್ತೆಗಿಳಿದು ಜೀಪೊಂದನ್ನು ನಿಲ್ಲಿಸಿ ಬಂದರು. ನನ್ನ ಅಡುಗೆಮನೆಗೆ ನುಗ್ಗಿ ಅನ್ನದ ಪಾತ್ರೆಯ ಕೆಳಗಿನ ಗ್ಯಾಸ್ ಆರಿಸಿದರು.

"ಪರೀಕ್ಷೆ ಯಾರಾದ್ರೂ ನೋಡ್ಕೊಳ್ತಾರೆ. ನೀವು ಹೊರಡಿ."

"ಸಂಜೆ ಪೂಜೆ ಇದೆಯಲ್ಲ ಭಟ್ರೇ ನಿಮಗೆ?"

"ದೇವರು ಸ್ವಲ್ಪ ಕಾಯ್ತಾನೆ."

ಗೋಣಿಕೊಪ್ಪಲಿನವರೆಗೂ ಜೊತೆಗೆ ಬಂದರು. ಇನ್ನೂ ಬೇಗ, ಇನ್ನೂ ಬೇಗ ಎಂದು ದಾರಿಯುದ್ದಕ್ಕೂ ಡ್ರೈವರನ ತಲೆ ತಿಂದರು. ಅಮ್ಮನಿಗೆ ಎಚ್ಚರವಿತ್ತು. ನನ್ನ ಕೈಯಿಂದ ಗಂಜಿ ಕುಡಿದಳು. "ಇಷ್ಟು ಬೇಗ ತಲೆ ಹಣ್ಣು ಮಾಡ್ಕೊಂಡಿದ್ದೀಯಲ್ಲ, ಎಣ್ಣೆ ಹಚ್ಚೋದಿಲ್ವಾ?" ಎಂದು ಬೈದಳು. ಶುಕ್ರವಾರ ಬೆಳಗಿನ ಜಾವ ಹೋದಳು.

ಭಟ್ಟರೂ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅಮ್ಮನ ಆ ಬೈಗುಳ ನನ್ನ ಕಿವಿಯಲ್ಲಿರುವಷ್ಟು ದಿನ ಅವರ ಋಣ ನನ್ನ ಮೇಲಿದೆ.